ಬ್ರೇಕ್ ಮೇಡಂ ಕಾಲು ಮಡಿಸಿ ಕೂತ ವಾರ

ನಮ್ಮ ಡ್ರೈವಿಂಗ್ ಸ್ಕೂಲಿಗೆ ಗಾಡಿ ಕಲಿಯಲು ಬಂದವರೆಲ್ಲ ಮೊದಲ ದಿನ ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಮೇಡಂ, ನಿಮ್ಮ ಸೀಟಿನ ಹತ್ರಾನೂ ಬ್ರೇಕ್ ಇದೆಯಲ್ಲ, ಅದ್ಯಾಕೆ?"

"ಅದು ನಿಮ್ಮ ಮನೆಯವರ ಪುಣ್ಯಕ್ಕೆ," ಅನ್ನುತ್ತಾರೆ ಮೇಡಂ. "ಸಂಜೆ ನೀವು ಮನೆ ಸೇರ್ಬೇಕಲ್ಲ."

ಅವರಿಗೆ ಬ್ರೇಕ್ ಮೇಡಂ ಅಂತಲೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅವರಿಗೆ ಗೊತ್ತು. ಹನ್ನೊಂದು ವರ್ಷ ಕಲಿಯುವವರ ಪಕ್ಕ ಕೂತು ಕೂತು ಅವರ ಬಲಗಾಲಿಗೆ ಅದರದ್ದೇ ಒಂದು ಬುದ್ಧಿ ಬಂದುಬಿಟ್ಟಿದೆ. ಬಸ್ಸಿನಲ್ಲಿ ಕೂತರೂ ಮುಂದಿನವರ ಸೀಟಿನ ಕೆಳಗೆ ಕಾಲು ಒತ್ತುತ್ತಾರಂತೆ. ಬಲಗಾಲಿನ ಚಪ್ಪಲಿ ಮೂರು ತಿಂಗಳಿಗೆ ಸವೆದು ಕಾಗದ ಆಗುತ್ತದೆ, ಎಡಗಾಲಿನದು ಹೊಸತಾಗಿಯೇ ಇರುತ್ತದೆ. ಒಂದು ಸಲ ಅಂಗಡಿಯಲ್ಲಿ "ಬಲಗಾಲಿಂದು ಮಾತ್ರ ಕೊಡ್ತೀರಾ?" ಅಂತ ಕೇಳಿದ್ದರಂತೆ. ಅಂಗಡಿಯವನು "ಎಡಗಾಲಿನವರು ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡು ಬನ್ನಿ ಅಮ್ಮ" ಅಂದನಂತೆ. ಈ ಕತೆಯನ್ನು ಮೇಡಂ ಎಷ್ಟು ಸಲ ಹೇಳಿದರೂ ನನಗೆ ನಗು ಬರುತ್ತದೆ.

ನಮ್ಮಲ್ಲಿ ಒಂದು ಗಾಡಿಗೆ ಇಬ್ಬರು. ಒಬ್ಬರು ಅರ್ಧ ಗಂಟೆ ಓಡಿಸುವಾಗ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕೂತು ನೋಡಬೇಕು. "ಕೈಯಿಂದ ಕಲಿಯೋದು ಅರ್ಧ, ಕಣ್ಣಿಂದ ಕಲಿಯೋದು ಅರ್ಧ" ಅನ್ನೋದು ಮೇಡಂ ಲೆಕ್ಕ. ಹೀಗೆ ಹಿಂದಿನ ಸೀಟಿನಲ್ಲಿ ಕೂತದ್ದರಿಂದಲೇ ನಾನು ಈ ಕತೆ ಹೇಳುತ್ತಿರುವುದು. ಗಾಡಿ ಓಡಿಸುವುದು ನನಗೆ ಈಗಲೂ ಸುಮಾರಾಗಿಯೇ ಬರುತ್ತದೆ ಬಿಡಿ.

ಮೇಡಂ ಮನೆ ಆಫೀಸಿನ ಮೇಲೆ, ಎರಡು ಕೋಣೆ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹದಿಮೂರು, ಚಿಕ್ಕವಳಿಗೆ ಏಳು. ಶಾಲೆ ಬಿಟ್ಟ ಮೇಲೆ ಇಬ್ಬರೂ ಕೆಳಗೆ ಆಫೀಸಿನ ಬೆಂಚಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಾರೆ. ದೊಡ್ಡವಳು ಕಿವಿಗೆ ಪೆನ್ನು ಸಿಕ್ಕಿಸಿಕೊಳ್ಳುವುದು ಥೇಟ್ ಅಮ್ಮನ ಹಾಗೆ. ಚಿಕ್ಕವಳು ಕಾಲು ಕುಣಿಸುತ್ತ ಬಂದವರನ್ನೆಲ್ಲ "ನಿಮಗೆ ಎಷ್ಟು ಸಲ ಇಂಜಿನ್ ಆಫ್ ಆಯ್ತು?" ಅಂತ ವಿಚಾರಿಸುತ್ತಾಳೆ. ಉತ್ತರ ಹೇಳದೆ ಒಳಗೆ ಬಿಡುವುದಿಲ್ಲ.

ಮಕ್ಕಳ ಅಪ್ಪ ಹಲ್ಲಿನ ಸೆಟ್ ಮಾಡುವವರು. ದಂತವೈದ್ಯರು ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಇವರು ಅದಕ್ಕೆ ತಕ್ಕ ಹಲ್ಲು ಕೂರಿಸಿಕೊಡುತ್ತಾರೆ. ಒಂದೊಂದು ಹಲ್ಲನ್ನು ಅರ್ಧ ದಿನ ಉಜ್ಜುವ ತಾಳ್ಮೆ. ನಮ್ಮ ಸ್ಕೂಲಿನ ಯಜಮಾನರಿಗೆ ಎಪ್ಪತ್ತು ದಾಟಿದೆ, ಅವರ ಬಾಯಲ್ಲಿರುವ ಅಷ್ಟೂ ಹಲ್ಲು ಈ ಹಲ್ಲಿನ ಸರ್ ಕಟ್ಟಿದ್ದೇ. "ಹನ್ನೆರಡು ವರ್ಷ ಆಯ್ತು, ಅಲ್ಲಾಡಿಲ್ಲ. ನನ್ನ ಸ್ವಂತ ಹಲ್ಲೂ ಇಷ್ಟು ನಿಯತ್ತಾಗಿರಲಿಲ್ಲ," ಅನ್ನುತ್ತಾರೆ ಯಜಮಾನರು.

ಮೇಡಂ ಮತ್ತು ಹಲ್ಲಿನ ಸರ್ ಎರಡು ವರ್ಷದ ಹಿಂದೆ ಡಿವೋರ್ಸ್ ತೆಗೆದುಕೊಂಡರು. ಕುಡಿತ ಇಲ್ಲ, ಹೊಡೆತ ಇಲ್ಲ, ಮೂರನೆಯವರು ಯಾರೂ ಇಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅಷ್ಟೇ. ಮೇಡಂ ಬಾಯಿ ರೈಲು. ಸರ್ ಒಂದು ಮಾತು ಶುರು ಮಾಡಿದರೆ ಅದನ್ನು ಮೇಡಂ ಮುಗಿಸಿಬಿಡುತ್ತಿದ್ದರು. ಕೊನೆಕೊನೆಗೆ ಸರ್ ಮಾತು ಶುರು ಮಾಡುವುದನ್ನೇ ಬಿಟ್ಟರು. ಮಾತಾಡದ ಗಂಡನನ್ನು ನೋಡಿ ಮೇಡಂಗೆ ಇನ್ನೂ ಕೋಪ. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ಮೇಡಂ ತಾವಾಗಿಯೇ ಹೇಳಿದ್ದರು: "ಅವರೇನು ಕೆಟ್ಟವರಲ್ಲ. ನಾನೂ ಕೆಟ್ಟವಳಲ್ಲ. ಒಂದೇ ಮನೇಲಿದ್ದು ಇಬ್ರೂ ಕೆಟ್ಟವರಾಗ್ತಾ ಇದ್ವಿ. ಹಸಿರು ಬಿತ್ತು, ಹೊರಡು."

ಮೊದಲ ಒಂದು ವರ್ಷ ಸರ್ ಎರಡು ಬೀದಿ ಆಚೆ ರೂಮ್ ಮಾಡಿಕೊಂಡಿದ್ದರು. ಮಕ್ಕಳು ನಡೆದೇ ಹೋಗಿ ಬರುತ್ತಿದ್ದರು. ಆಮೇಲೆ ಅವರ ಲ್ಯಾಬು ಬೇರೆ ಊರಿಗೆ ಹೋಯಿತು, ಅದರ ಹಿಂದೆ ಸರ್ ಕೂಡ. ಗಾಡಿಯಲ್ಲಿ ಹೋದರೆ ಒಂದೂವರೆ ಗಂಟೆ. ಬಸ್ಸಿನಲ್ಲಾದರೆ ಎರಡು ಕಡೆ ಇಳಿದು ಹತ್ತಿ ನಾಲ್ಕು ಗಂಟೆ. ಶನಿವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ಮಕ್ಕಳು ಅಪ್ಪನ ಹತ್ತಿರ ಅಂತ ಕಾಗದದಲ್ಲಿ ಬರೆದಿತ್ತು. ಕಾಗದಕ್ಕೇನು, ಅದು ಬಸ್ಸು ಹತ್ತುವುದಿಲ್ಲವಲ್ಲ. ಚಿಕ್ಕವಳಿಗೆ ಬಸ್ಸೆಂದರೆ ವಾಂತಿ. ಒಂದು ಸಲ ಮುಂದೆ ಕೂತ ಪರಿಚಯವಿಲ್ಲದ ಅಜ್ಜನ ಟೋಪಿಯೊಳಕ್ಕೇ ಮಾಡಿಕೊಂಡಿದ್ದಳು. ಸರ್ ಬಂದು ಕರೆದುಕೊಂಡು ಹೋಗುವುದು ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ತಿಂಗಳಿಗೊಮ್ಮೆ. ಇತ್ತೀಚೆಗೆ ದೊಡ್ಡವಳು ತಾನು ಬರುವುದೇ ಇಲ್ಲ ಅಂತ ಹಟ ಹಿಡಿದಿದ್ದಳು.

ಮೇಡಂ ಯಾಕೆ ಕರೆದುಕೊಂಡು ಹೋಗಬಾರದು ಅಂತ ನಿಮಗೆ ಅನ್ನಿಸಬಹುದು. ಎಲ್ಲರೂ ಕೇಳುತ್ತಿದ್ದರು. ಕೆಲಸಕ್ಕೆ ಹೋಗುವವರು ಗಾಡಿ ಕಲಿಯಲು ಬರುವುದೇ ಶನಿವಾರ, ಭಾನುವಾರ. ಆ ಎರಡು ದಿನ ಮೇಡಂಗೆ ನೀರು ಕುಡಿಯಲೂ ಬಿಡುವಿಲ್ಲ. ಸ್ವಂತ ಗಾಡಿ ಇಲ್ಲ, ಸ್ಕೂಲಿನ ಗಾಡಿ ಊರು ದಾಟುವ ಹಾಗಿಲ್ಲ. ಇದು ಎಲ್ಲರಿಗೂ ಕೊಡುತ್ತಿದ್ದ ಉತ್ತರ. ಆದರೆ ದೊಡ್ಡವಳಿಗೆ ಈ ಉತ್ತರ ಸಾಲುತ್ತಿರಲಿಲ್ಲ. ಒಂದು ಸಂಜೆ ಬೆಂಚಿನ ಮೇಲಿಂದಲೇ ಕೇಳಿದಳು, ಪುಸ್ತಕದಿಂದ ತಲೆ ಎತ್ತದೆ.

"ಊರವರಿಗೆಲ್ಲ ಗಾಡಿ ಕಲಿಸ್ತೀಯ. ನಮ್ಮನೇಲಿ ಮಾತ್ರ ಯಾರೂ ಎಲ್ಲಿಗೂ ಹೋಗಲ್ಲ."

ಮೇಡಂ ಫಾರಂ ತುಂಬುತ್ತಿದ್ದರು. ಪೆನ್ನು ನಿಂತಿತು. "ಹೋಗಲ್ಲ ಅಂತ ಹಟ ಮಾಡ್ತಿರೋದು ನೀನಲ್ವೇನೇ?"

"ನಾನು ನನ್ನ ಮಾತಾಡಿಲ್ಲ," ಅಂದಳು ದೊಡ್ಡವಳು.

ಅವಳು ಯಾರ ಮಾತಾಡಿದಳು ಅನ್ನುವುದು ಮಾರನೇ ದಿನ ಗೊತ್ತಾಯಿತು. ಆಫೀಸಿನಲ್ಲಿ ಯಜಮಾನರದ್ದೊಂದು ತಿರುಗುವ ಕುರ್ಚಿ ಇದೆ. ನಾನು ನನ್ನ ಸರದಿಗೆ ಕಾಯುತ್ತಿದ್ದೆ. ಚಿಕ್ಕವಳು ಆ ಕುರ್ಚಿ ಏರಿ ಕೂತು, "ನನ್ನನ್ನ ಸುತ್ತಿಸಿ, ಇಪ್ಪತ್ತು ಸಲ," ಅಂದಳು. ಆಟ ಅಂದುಕೊಂಡು ಸುತ್ತಿಸಿದೆ. ಅವಳು ನಗುತ್ತಲೇ ಇಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಪರೀಕ್ಷೆ ಬರೆಯುವವರ ಹಾಗೆ ಎಣಿಸುತ್ತಿದ್ದಾಳೆ. ಹದಿನಾಲ್ಕಕ್ಕೆ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮೇಡಂ ಒಳಗೆ ಬಂದರು.

"ಏನೇ ಇದು?"

"ಪ್ರಾಕ್ಟೀಸ್ ಅಮ್ಮ."

"ಯಾವ ಪ್ರಾಕ್ಟೀಸು?"

"ವಾಂತಿ ಬರದೇ ಇರೋಕೆ. ಐವತ್ತು ಸುತ್ತು ತಡ್ಕೊಂಡ್ರೆ ಅಪ್ಪ ವಾಪಸ್ ಬರ್ತಾರೆ."

"ಯಾರು ಹೇಳಿದ್ದು ಹಾಗಂತ?"

"ಯಾರೂ ಹೇಳಿಲ್ಲ. ನಾನು ವಾಂತಿ ಮಾಡ್ಕೋತೀನಿ ಅಂತ ತಾನೆ ಅಪ್ಪ ಬರೋದು ಬಿಟ್ಟಿದ್ದು?"

ಮೇಡಂ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಪ್ಪನ ಲ್ಯಾಬು ಬೇರೆ ಊರಿಗೆ ಹೋಯಿತು, ಅದಕ್ಕೆ ಅಪ್ಪ ಹೋದರು, ವಾಂತಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಿಧಾನವಾಗಿ ಹೇಳಿದರು. ಮೇಡಂ ಅಷ್ಟು ನಿಧಾನವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಚಿಕ್ಕವಳು ಎಲ್ಲದಕ್ಕೂ ಹೂಂ, ಹೂಂ ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಆರು ಸುತ್ತು ಬಾಕಿ ಇದೆ," ಅಂದಳು.

ಆ ಸಂಜೆಯೇ ಮೇಡಂ ಆಫೀಸಿನ ಫೋನಿನಿಂದ ಸರ್‌ಗೆ ಫೋನ್ ಮಾಡಿದರು. ಯಜಮಾನರು ಹೊರಗೆ ಹೋದ ಹಾಗೆ ಮಾಡಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರಂತೆ. ನಮಗೆಲ್ಲ ಹೇಳಿದ್ದು ಅವರೇ.

"ನೀವು ಗಾಡಿ ಕಲೀಬೇಕು," ಅಂದರಂತೆ ಮೇಡಂ. ನಮಸ್ಕಾರ ಇಲ್ಲ, ಹೇಗಿದ್ದೀರಿ ಇಲ್ಲ.

ಸರ್ ಆ ಊರಿನಲ್ಲಿ ಆಗಲೇ ಒಂದು ಸ್ಕೂಲಿಗೆ ಸೇರಿ, ಅರ್ಧಕ್ಕೇ ಬಿಟ್ಟಿದ್ದರು. ಅಲ್ಲಿಯ ಮೇಷ್ಟ್ರು ಕಿರುಚುತ್ತಿದ್ದನಂತೆ. ಅವನು ಕಿರುಚಿದಷ್ಟೂ ಇವರ ಕೈಕಾಲು ತಣ್ಣಗೆ. ನಾಲ್ಕೇ ದಿನ. ಕಲಿಯುವವರ ಲೈಸೆನ್ಸ್ ಮಾತ್ರ ಕೈಗೆ ಬಂದಿತ್ತು. ಅಷ್ಟು ಹೊತ್ತಿಗೆ ಪರಿಚಯದ ದಂತವೈದ್ಯರೊಬ್ಬರಿಂದ ಹಳೇ ಗಾಡಿಯನ್ನೂ ಕೊಂಡಾಗಿತ್ತು. ಅದು ನಾಲ್ಕು ತಿಂಗಳಿಂದ ಮನೆ ಮುಂದೆ ನಿಂತು, ಅದರ ಮೇಲೆ ಬೆಕ್ಕು ಮಲಗುತ್ತಿತ್ತು.

"ಇಲ್ಲಿ ಬಂದು ಕಲೀರಿ. ಇಲ್ಲಿ ಯಾರೂ ಕಿರುಚಲ್ಲ," ಅಂದರು ಮೇಡಂ.

ಮೇಡಂ ಮನಸ್ಸಿನಲ್ಲಿದ್ದದ್ದು ನಮ್ಮ ಸ್ಕೂಲಿನ ಇನ್ನೊಬ್ಬ ಮೇಷ್ಟ್ರು, ಇರುವೆಗೂ ದಾರಿ ಬಿಡುವಂಥ ಸಾಧು. ಸರ್ ಮೂರು ವಾರ ರಜೆ ಹಾಕಿ, ಇಲ್ಲಿ ಸ್ನೇಹಿತರ ಮನೆಯಲ್ಲಿ ಉಳಿದುಕೊಂಡು, ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದರು. ಆ ಸಾಧು ಮೇಷ್ಟ್ರು ಭಾನುವಾರ ಬೀರು ಸರಿಸಲು ಹೋಗಿ ಸೊಂಟ ಹಿಡಿದು ಮಲಗಿದ್ದರು. ಡಾಕ್ಟರು ಒಂದು ತಿಂಗಳು ಏಳಬಾರದು ಅಂದಿದ್ದರು.

"ನಾನು ಕಲಿಸಲ್ಲ ಯಜಮಾನ್ರೇ," ಅಂದರು ಮೇಡಂ.

"ನನಗೆ ಕಣ್ಣು ಕಾಣಲ್ಲ, ಅವನಿಗೆ ಸೊಂಟ ಇಲ್ಲ. ಮತ್ಯಾರಮ್ಮ ಕಲಿಸ್ಬೇಕು? ಕುರ್ಚಿ ಕಲಿಸುತ್ತಾ?"

ಮೇಡಂ ಒಂದು ಸಲ ಬೆಂಚಿನ ಕಡೆ ನೋಡಿದರು. ಮಕ್ಕಳು ಶಾಲೆಗೆ ಹೋಗಿದ್ದರು, ಚಿಕ್ಕವಳ ಒಂದು ಪೆನ್ಸಿಲ್ ಮಾತ್ರ ಬಿದ್ದಿತ್ತು. ಗೂಡಿನಿಂದ ಗಾಡಿ ಕೀ ತೆಗೆದುಕೊಂಡರು.

ಹೀಗೆ ಸರ್ ಮುಂದೆ, ಪಕ್ಕದಲ್ಲಿ ಮೇಡಂ, ಹಿಂದೆ ನಾನು. ಒಳಗೆ ಉಸಿರಾಡಲೂ ಭಯ. ಸಾಮಾನ್ಯವಾಗಿ ಮೇಡಂ ಎಲ್ಲರಿಗೂ "ನೋಡ್ರೀ, ಕನ್ನಡಿ ನೋಡ್ರೀ" ಅನ್ನುತ್ತಾರೆ. ಅವತ್ತು ಬಾಯಿಗೆ ಬಂದ "ರೀ"ಯನ್ನು ನುಂಗಿಕೊಂಡದ್ದು ನನಗೇ ಕಾಣಿಸಿತು. ಹದಿಮೂರು ವರ್ಷ ಗಂಡನನ್ನು ಕರೆದದ್ದು ಅದೇ ಶಬ್ದದಲ್ಲಿ ಅಲ್ಲವೇ. ಕೊನೆಗೆ ಯಾರನ್ನೂ ಕರೆಯದೆ, ಗಾಳಿಗೆ ಹೇಳುವ ಹಾಗೆ, "ಕನ್ನಡಿ," ಅಂದರು.

"ಹೂಂ ಮೇಡಂ," ಅಂದರು ಸರ್.

ಮೇಡಂ ಕುತ್ತಿಗೆ ಸರಕ್ಕನೆ ತಿರುಗಿತು. "ಏನಂದ್ರಿ?"

"ಎಲ್ಲರೂ ಹಾಗೇ ಕರೀತಾರಲ್ವಾ ಇಲ್ಲಿ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಗು ತಡೆದುಕೊಂಡೆ.

ಹೇಳಬೇಕೆಂದರೆ ಸರ್ ಕೆಟ್ಟ ವಿದ್ಯಾರ್ಥಿಯಲ್ಲ. ಗೇರು ಬದಲಿಸುವುದು ಹಲ್ಲು ಕೂರಿಸಿದಷ್ಟೇ ನಯ. ಎಲ್ಲೂ ಜರ್ಕ್ ಇಲ್ಲ, ಇಂಜಿನ್ ಆಫ್ ಆಗುವುದಿಲ್ಲ. ಸ್ಪೀಡ್ ಮಾತ್ರ ಹೇಳಬಾರದು. ಒಂದು ದಿನ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವನು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಏನ್ ಸಾರ್, ತಳ್ಬೇಕಾ?" ಅಂತ ಕೇಳಿದ. ಮೇಡಂಗೇ ನಗು ಬಂತು. ಸರ್ ಕೂಡ ನಕ್ಕರು. ಇಬ್ಬರೂ ನಕ್ಕದ್ದು ಇಬ್ಬರಿಗೂ ಗೊತ್ತಾಗಿ ಮತ್ತೆ ಬಾಯಿಗೆ ಬೀಗ.

ಎರಡು ವಾರ ಹೀಗೇ ಹೋಯಿತು. ಕಲಿಕೆ ಮುಗಿದ ಮೇಲೆ ಸರ್ ಸಂಜೆ ಆಫೀಸಿನ ಬೆಂಚಿಗೆ ಬಂದು ಮಕ್ಕಳ ಜೊತೆ ಒಂದು ಗಂಟೆ ಕೂರುತ್ತಿದ್ದರು. ಚಿಕ್ಕವಳು "ಅಪ್ಪ, ಇವತ್ತು ಎಷ್ಟು ಸಲ ಇಂಜಿನ್ ಆಫ್ ಆಯ್ತು?" ಅಂದರೆ "ಸೊನ್ನೆ" ಅನ್ನುತ್ತಿದ್ದರು. ಅವಳಿಗೆ ಹೆಮ್ಮೆಯೋ ಹೆಮ್ಮೆ. ದೊಡ್ಡವಳು ಲೆಕ್ಕದ ಪುಸ್ತಕ ಮುಂದೆ ಹಿಡಿದು ಕೂರುತ್ತಿದ್ದಳು, ಮಾತು ಹೂಂ ಮತ್ತು ಇಲ್ಲಗಳಲ್ಲಿ ಮುಗಿಯುತ್ತಿತ್ತು. "ಪಾಸಾದ್ರೆ ಪ್ರತಿ ಶನಿವಾರ ಐದು ಗಂಟೆಗೆ ಬರ್ತೀನಿ," ಅಂತ ಸರ್ ಚಿಕ್ಕವಳಿಗೆ ಮಾತು ಕೊಟ್ಟರು. ಅವಳು ಅಂದೇ ಗೋಡೆಯ ಕ್ಯಾಲೆಂಡರಿನ ಶನಿವಾರಗಳಿಗೆಲ್ಲ ಸುತ್ತು ಹಾಕಿದಳು, ಡಿಸೆಂಬರ್‌ವರೆಗೆ.

ಎರಡನೇ ವಾರದ ಕೊನೆಗೆ ಟೆಸ್ಟು. ಟೆಸ್ಟಿನ ದಿನ ಮೇಡಂ ಸೀಟಿನಲ್ಲಿ ಅಧಿಕಾರಿ ಕೂತರು. ನಾವು ಮೈದಾನದ ಅಂಚಿನಲ್ಲಿ ನಿಂತೆವು. ಎಂಟು ಹಾಕಿದರು, ಹಿಂದಕ್ಕೆ ತೆಗೆದರು, ಬೆಣ್ಣೆ. ಕೊನೆಗೆ ಗೆರೆಯ ಮುಂದೆ ನಿಲ್ಲಿಸಬೇಕು. ಗಾಡಿ ಗೆರೆಯ ಹತ್ತಿರ ಬಂತು, ಗೆರೆ ದಾಟಿತು, ಆಚೆ ಇಟ್ಟಿದ್ದ ಕಿತ್ತಳೆ ಬಣ್ಣದ ಕೋನನ್ನು ಅಪ್ಪಿಕೊಂಡು ನಾಲ್ಕು ಅಡಿ ತಳ್ಳಿಕೊಂಡು ಹೋಗಿ ಆಮೇಲೆ ನಿಂತಿತು. ಅಧಿಕಾರಿ ಇಳಿದು, "ಎಲ್ಲ ಚೆನ್ನಾಗಿದೆ ಸ್ವಾಮಿ. ನಿಲ್ಲಿಸೋದೊಂದು ಕಲಿತ್ಕೊಂಡು ಮುಂದಿನ ವಾರ ಬನ್ನಿ," ಅಂದರು.

ಅವತ್ತು ಸಂಜೆ ದೊಡ್ಡವಳು "ಗೊತ್ತಿತ್ತು" ಅಂತಷ್ಟೇ ಹೇಳಿ ಮೇಲೆ ಹೋದಳು. ಚಿಕ್ಕವಳು ಏನೂ ಕೇಳಲಿಲ್ಲ. ರಬ್ಬರ್ ತೆಗೆದುಕೊಂಡು ಹೋಗಿ ಆ ವಾರದ ಶನಿವಾರದ ಸುತ್ತನ್ನು ಅಳಿಸಲು ನೋಡಿದಳು. ಪೆನ್ನಿನಲ್ಲಿ ಹಾಕಿದ್ದು, ಅಳಿಯಲಿಲ್ಲ, ಕಾಗದ ಹರಿಯಿತು.

ಸರ್‌ಗೆ ಉಳಿದದ್ದು ಒಂದು ವಾರ ರಜೆ. ಆಮೇಲೆ ಆರು ತಿಂಗಳು ರಜೆಯೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಗಾಡಿ ಹತ್ತಿದ ಕೂಡಲೇ ಮೇಡಂ ಶುರು ಮಾಡಿದರು. "ಗೆರೆ ಕಾಣ್ತಾ ಇತ್ತು ತಾನೆ? ಬ್ರೇಕ್ ಎಲ್ಲಿದೆ ಅಂತ ಗೊತ್ತು ತಾನೆ? ಎರಡು ವಾರ ಒಂದು ದಿನಾನೂ ಹೀಗಾಗಿಲ್ಲ. ನಿನ್ನೆ ಏನಾಗಿತ್ತು? ಗಾಬರಿನಾ? ಗಾಬರಿಯಾದ್ರೆ ಹೇಳ್ಬೇಕು. ಬಾಯಿ ಬಿಟ್ಟು ಹೇಳಿದ್ರೆ ತಾನೆ..."

"ನಾನು ಕಾಯ್ತಾ ಇದ್ದೆ," ಅಂದರು ಸರ್.

"ಏನಕ್ಕೆ?"

ಸರ್ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ನೇರ ಮುಂದೆ ನೋಡುತ್ತಿದ್ದರು. ಮೇಡಂ ಬಾಯಿ ತೆರೆದರು. ಆ ಮಾತನ್ನು ತಾವೇ ಮುಗಿಸಲು ಹೊರಟಿದ್ದರು ಅಂತ ನನಗೆ ಗ್ಯಾರಂಟಿ. ಆದರೆ ಯಾಕೋ ಮುಚ್ಚಿಕೊಂಡರು.

"ಎರಡು ವಾರದಲ್ಲಿ ನಾನು ಒಂದು ಸಲಾನೂ ಬ್ರೇಕ್ ಹಾಕಿಲ್ಲ," ಅಂದರು ಸರ್, ಒಂದೊಂದೇ ಶಬ್ದ ಇಟ್ಟು. "ನನ್ನ ಕಾಲು ಅಲ್ಲಿಗೆ ಹೋಗೋ ಮೊದಲೇ ಗಾಡಿ ನಿಂತಿರುತ್ತೆ. ನಿನ್ನೇನೂ ನಿಲ್ಲುತ್ತೆ ಅಂದ್ಕೊಂಡೆ. ನೀವು ಪಕ್ಕದಲ್ಲಿಲ್ಲ ಅನ್ನೋದು ಕೋನ್ ಬಿದ್ದ ಮೇಲೆ ನೆನಪಾಯ್ತು."

ಸರ್ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಮೇಡಂ ಕೂಡ ಕೇಳಿರಲಿಕ್ಕಿಲ್ಲ. ಮೇಡಂ ಹಿಂದೆ ತಿರುಗಿ ನನ್ನನ್ನು ನೋಡಿದರು. "ಹೌದೇನೋ ಮರಿ?"

ನನಗೆ ಹಾವು ಸಾಯಬಾರದು, ಕೋಲು ಮುರಿಯಬಾರದು. "ಮೇಡಂ, ನನಗೂ ಹಾಗೇ ಆಗುತ್ತೆ," ಅಂದೆ. "ಆದ್ರೆ ಸರ್‌ಗೆ ನೀವು ಸ್ವಲ್ಪ ಬೇಗ ಹಾಕ್ತೀರ."

ಮೇಡಂ ತಮ್ಮ ಬಲಗಾಲನ್ನು, ಆ ಸವೆದ ಚಪ್ಪಲಿಯನ್ನು, ಬೇರೆಯವರದ್ದು ಅನ್ನುವ ಹಾಗೆ ನೋಡುತ್ತ ಕೂತರು. ಆಮೇಲೆ ಎರಡೂ ಚಪ್ಪಲಿ ಕಳಚಿ, ಕಾಲುಗಳನ್ನು ಸೀಟಿನ ಮೇಲೆ ಎಳೆದುಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು.

"ಮೊದಲು ಖಾಲಿ ಮೈದಾನಕ್ಕೆ ಹೋಗೋಣ," ಅಂದರು. "ಅಲ್ಲಿವರೆಗೆ ಹತ್ತರ ಮೇಲೆ ಹೋಗ್ಬೇಡಿ. ಹೋಗಲ್ಲ ಬಿಡಿ, ಗೊತ್ತು."

ಮೂರು ದಿನ ಮೈದಾನದಲ್ಲಿ ಕಲ್ಲು ಇಟ್ಟು ನಿಲ್ಲಿಸುವುದೇ ಕೆಲಸ. ಮೊದಲ ದಿನ ಏಳು ಕಲ್ಲು ಉರುಳಿದವು. ಮೇಡಂ ತೊಡೆಯ ಕೆಳಗೆ ಕೈ ಇಟ್ಟು ಪಾದಗಳನ್ನು ಹಿಡಿದುಕೊಂಡು ಕೂತಿದ್ದರು, ಬಿಟ್ಟರೆ ಓಡಿಹೋಗುವ ಕೋಳಿಗಳನ್ನು ಹಿಡಿದ ಹಾಗೆ. ಕಲ್ಲು ಹತ್ತಿರ ಬಂದಾಗ ಅವರ ಮುಖ ನೋಡಬೇಕಿತ್ತು. ತುಟಿ ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಬೆವರು. ಹೇಳಬೇಕಾದ್ದನ್ನು ಗಾಡಿ ನಿಂತ ಮೇಲೆಯೇ ಹೇಳುತ್ತಿದ್ದರು. ಎರಡನೇ ದಿನ ಮೂರು ಕಲ್ಲು. ಮೂರನೇ ದಿನ ಒಂದೂ ಇಲ್ಲ.

ನಾಲ್ಕನೇ ದಿನ ಪೇಟೆ ರಸ್ತೆಗೆ ಇಳಿದೆವು. ಅವತ್ತು ಮೇಡಂ ಕಾಲು ಕೆಳಗೇ ಇತ್ತು, ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರಲ್ಲ ಅಂದರು, ಆದರೆ ಪೆಡಲಿನಿಂದ ಆಚೆ, ಬಾಗಿಲಿಗೆ ಒತ್ತಿಕೊಂಡು. ಬಟ್ಟೆ ಅಂಗಡಿಯ ಪಕ್ಕದ ಸಂದಿಯಿಂದ ಒಂದು ಲಾರಿ ಹಾರ್ನು ಇಲ್ಲದೆ ಹಿಂದಕ್ಕೆ ಬಂತು. ಅದರ ಹಿಂಭಾಗ ಮುಂದಿನ ಗಾಜು ಇಡೀ ತುಂಬುವಷ್ಟು ದೊಡ್ಡದಾಗಿ ನಮ್ಮ ಮುಂದೆ ಬಂತು. ಮೇಡಂ ಮಂಡಿ ಅರ್ಧ ಎದ್ದದ್ದು ನೋಡಿದೆ. ಅಷ್ಟರಲ್ಲಿ ಗಾಡಿ ನಿಂತಿತ್ತು. ಮೆತ್ತಗೆ, ಲಾರಿಗಿಂತ ಎರಡು ಮಾರು ಹಿಂದೆ. ಸರ್ ಹ್ಯಾಂಡ್‌ಬ್ರೇಕ್ ಎಳೆದು, ಲಾರಿಯವನಿಗೆ ಬೇಕಾದಷ್ಟು ಜಾಗ ಬಿಟ್ಟು, ಕೈ ಸನ್ನೆ ಮಾಡಿ ಹೋಗಲು ಹೇಳಿದರು.

ಮೇಡಂ ಪೆಡಲಿನ ಕಡೆ ಬಗ್ಗಿ ನೋಡಿದರು. ತಮ್ಮ ಕಾಲು ಅಲ್ಲಿರಲಿಲ್ಲ.

"ಚೆನ್ನಾಗಿ ನಿಲ್ಲಿಸಿದ್ರಿ," ಅಂದರು. ಆಮೇಲೆ, "ರೀ, ನಾನು ಮನೇಲೂ ಹೀಗೇ ಮಾಡ್ತಿದ್ನಾ?" ಅಂತ ಕೇಳಿದರು.

ಸರ್ ಯೋಚಿಸಿದರು. ಅವರು ಯೋಚಿಸುವಾಗ ಮೇಡಂ ಕಾದರು. ಹಿಂದಿನ ಗಾಡಿಯವರು ಹಾರ್ನ್ ಮೇಲೆ ಹಾರ್ನ್.

"ಮಾಡ್ತಿದ್ರಿ," ಅಂದರು ಸರ್. "ನಾನೂ ಕಾಲು ಎತ್ತುತ್ತಿರಲಿಲ್ಲ. ಹೇಗಿದ್ರೂ ನಿಲ್ಲುತ್ತಲ್ಲ ಅಂತ."

ಇದನ್ನು ಕೇಳಿ ಇಬ್ಬರೂ ಮತ್ತೆ ಒಂದಾದರು ಅಂತ ಯಾರಾದರೂ ಅಂದುಕೊಂಡರೆ ಇಲ್ಲ, ಹಾಗೇನೂ ಆಗಲಿಲ್ಲ. ನಾನೂ ಒಂದೆರಡು ದಿನ ಹಾಗೆ ಕನಸು ಕಂಡಿದ್ದು ನಿಜ. ಯಜಮಾನರು "ಸುಮ್ನಿರೋ, ಹಲ್ಲಿನ ಸೆಟ್ಟಲ್ಲ ಅದು, ಕಳಚಿದ್ರೆ ಮತ್ತೆ ಹಾಕ್ಕೊಳ್ಳೋಕೆ," ಅಂದರು. ಆದರೆ ಅವತ್ತಿನಿಂದ ಇಬ್ಬರೂ ಮಕ್ಕಳ ಮುಂದೆ ಒಬ್ಬರಿಗೊಬ್ಬರು ಮಾತಾಡತೊಡಗಿದರು. ಶಾಲೆಯ ಫೀಸು, ದೊಡ್ಡವಳ ಕನ್ನಡಕ, ಅಜ್ಜಿಯ ಮಂಡಿನೋವು, ಇಂಥವು. ಮೊದಲು ಇದೆಲ್ಲ ದೊಡ್ಡವಳ ಬಾಯಿಂದ ಹೋಗಿ ಬರುತ್ತಿತ್ತು, ಪೋಸ್ಟ್‌ಮನ್ ಥರ.

ಎರಡನೇ ಟೆಸ್ಟು ಶುಕ್ರವಾರ ಆಯಿತು. ಸರ್ ಗೆರೆಯ ಹಿಂದೆ ಒಂದು ಗೇಣು ಬಿಟ್ಟು ನಿಲ್ಲಿಸಿದರು. ಅಧಿಕಾರಿ ಕೋನ್ ಕಡೆ ನೋಡಿ, "ಇವತ್ತು ಬದುಕಿಕೊಂಡ," ಅಂದರು.

ಲೈಸೆನ್ಸ್ ಕೈಗೆ ಬಂದ ಮೇಲಿನ ಮೊದಲ ಶನಿವಾರ ಸರ್ ಆ ಹಳೇ ಗಾಡಿಯನ್ನು ಓಡಿಸಿಕೊಂಡು ಬಂದರು. ಚಿಕ್ಕವಳು ಚೀಲ ಹಿಡಿದು ಮೂರು ಗಂಟೆಯಿಂದ ಬಾಗಿಲಲ್ಲಿ. ದೊಡ್ಡವಳು ಮಹಡಿ ಮೆಟ್ಟಿಲ ಮೇಲೆ, ಕೈಯಲ್ಲಿ ಪುಸ್ತಕ.

"ನಿನ್ನ ಬ್ಯಾಗ್ ಎಲ್ಲೇ?" ಅಂದರು ಮೇಡಂ.

"ನಾನು ಬರಲ್ಲ ಅಂದೆನಲ್ಲ."

"ಅಪ್ಪನ ಮೇಲೆ ಇನ್ನೂ ಕೋಪಾನಾ?"

"ಇಲ್ಲ."

"ಮತ್ತೆ?"

ದೊಡ್ಡವಳು ಪುಸ್ತಕದ ಮೂಲೆ ಮಡಚಿದಳು, ಬಿಡಿಸಿದಳು. "ಹಿಂದೆ ಒಂದ್ಸಲ ಅಪ್ಪನ ಮನೆಯಿಂದ ಬಂದಾಗ ನೀನು ಲೈಟೇ ಹಾಕಿರ್ಲಿಲ್ಲ. ಬೆಳಿಗ್ಗೆ ಕುಡಿದ ಟೀ ಲೋಟ ಹಾಗೇ ಇತ್ತು. ಊಟಾನೂ ಮಾಡಿರ್ಲಿಲ್ಲ. ಒಬ್ರಾದ್ರೂ ಇರ್ಬೇಕಲ್ಲ ನಿನ್ನ ಜೊತೆ."

ಮೇಡಂ ಏನೋ ತಮಾಷೆ ಮಾಡಲು ಹೊರಟರು, ನಿಲ್ಲಿಸಿದರು. ಎರಡು ಮೆಟ್ಟಿಲು ಹತ್ತಿ ಅವಳ ಪಕ್ಕ ಕೂತರು.

"ಅವತ್ತು ನನಗೆ ಬೇಜಾರಾಗಿತ್ತು. ಮನೆ ಖಾಲಿ ಖಾಲಿ. ಇವತ್ತೂ ಆಗುತ್ತೆ. ಆಗ್ಲಿ ಬಿಡು, ಅದು ನನ್ನದು. ನನಗೆ ಅಮ್ಮ ಒಬ್ಬಳು ಇದ್ದಾಳೆ ಕಣೇ, ಹದಿಮೂರು ವರ್ಷದ ಇನ್ನೊಬ್ಬ ಅಮ್ಮ ಬೇಡ." ಆಮೇಲೆ ದನಿ ಎತ್ತಿ, "ಊಟಕ್ಕೇನು, ನಾಳೆ ಯಜಮಾನ್ರ ಮನೇಲಿ ಕರೆದಿದ್ದಾರೆ. ಅಲ್ವಾ ಯಜಮಾನ್ರೇ?"

ಯಜಮಾನರು ಯಾರನ್ನೂ ಕರೆದಿರಲಿಲ್ಲ. "ಹಾಂ? ಹೂಂ ಹೂಂ, ಕರೆದಿದ್ದೀನಿ. ಏನಡುಗೆ ಅಂತ ಮಾತ್ರ ಈಗಲೇ ಕೇಳ್ಬೇಡಿ."

ಸುಳ್ಳು ಅಂತ ದೊಡ್ಡವಳಿಗೆ ಗೊತ್ತಾಯಿತು, ಮುಖದಲ್ಲೇ ಕಂಡಿತು. ಆದರೂ ಮೇಲೆ ಹೋಗಿ ಚೀಲ ತುಂಬಿಕೊಂಡು ಬಂದಳು. ಹೋಗುವಾಗ ಯಜಮಾನರ ಮುಂದೆ ನಿಂತು, "ನಾಳೆ ಏನು ಊಟ ಹಾಕಿದ್ರಿ ಅಂತ ಬಂದು ಕೇಳ್ತೀನಿ," ಅಂದಳು. ಪಾಪ, ಯಜಮಾನರು ಅವತ್ತೇ ಹೆಂಡತಿಗೆ ಫೋನ್ ಮಾಡಿದರು.

ಭಾನುವಾರ ಸಂಜೆ ಆರೂವರೆಗೆ ಗಾಡಿ ವಾಪಸ್ ಬಂತು. ದೊಡ್ಡವಳು ಇಳಿದು ನೆಟ್ಟಗೆ ಮೇಲೆ ನೋಡಿದಳು. ಎರಡೂ ಕೋಣೆಯಲ್ಲಿ ಲೈಟು ಉರಿಯುತ್ತಿತ್ತು. ಚಿಕ್ಕವಳು ಮಾತ್ರ ಇಳಿಯಲೇ ಇಲ್ಲ. ಹೋಗುವಾಗ ಎರಡು ಸಲ, ಬರುವಾಗ ಒಂದು ಸಲ ವಾಂತಿ. ಅಪ್ಪನ ಗಾಡಿಯ ಸೀಟು, ನೆಲ, ಅಪ್ಪನ ಇಸ್ತ್ರಿ ಶರ್ಟು, ಯಾವುದನ್ನೂ ಬಿಟ್ಟಿರಲಿಲ್ಲ. ಅತ್ತು ಅತ್ತು ಕಣ್ಣು ಊದಿತ್ತು. ಸರ್ ಅವಳನ್ನು ಎತ್ತಿ ಇಳಿಸಿದರು. ಅವಳು ಅವರಿಗೆ ಟಾಟಾ ಕೂಡ ಹೇಳದೆ ಒಳಗೆ ಓಡಿದಳು.

ಆ ವಾರವೆಲ್ಲ ಬೆಂಚಿನ ಮೇಲೆ ಅವಳ ಮಾತೇ ಇಲ್ಲ. ಯಾರಿಗೆ ಎಷ್ಟು ಸಲ ಇಂಜಿನ್ ಆಫ್ ಆಯಿತು ಅಂತಲೂ ಕೇಳಲಿಲ್ಲ. ನಾನಾಗಿಯೇ "ನನಗೆ ಇವತ್ತು ನಾಲ್ಕು ಸಲ" ಅಂದರೂ ತಿರುಗಿ ನೋಡಲಿಲ್ಲ. ಅಪ್ಪ ಶನಿವಾರ ಬಂದೇ ಬರುತ್ತಾರೆ ಅಂತ ಮೇಡಂ ಹೇಳಿದರು, ಅಕ್ಕ ಹೇಳಿದಳು. ಅವಳು ಹೂಂ ಅಂದಳು.

ಶನಿವಾರ ಬಂತು. ಐದು ಗಂಟೆ ಆಯಿತು, ಗಾಡಿ ಇಲ್ಲ. ಐದೂ ಹತ್ತು. ಚಿಕ್ಕವಳು ಚೀಲವನ್ನು ಮೇಡಂ ಕೈಗೆ ಕೊಟ್ಟು, "ಮೇಲೆ ಹೋಗ್ಲಾ?" ಅಂದಳು. ಮೇಡಂ ಫೋನ್ ಹುಡುಕಿದರು, ಫೋನ್ ಮಾಡ್ಲೋ ಬೇಡ್ವೋ ಅನ್ನುವ ಮುಖ. ದೊಡ್ಡವಳು, "ಇರಮ್ಮ, ಅಪ್ಪ ಹೇಗೆ ಓಡಿಸ್ತಾರೆ ಅಂತ ಗೊತ್ತಿಲ್ವಾ? ಹೋದ ವಾರ ಒಂದು ಟ್ರ್ಯಾಕ್ಟರ್ ನಮ್ಮನ್ನ ಹಿಂದೆ ಹಾಕ್ತು," ಅಂದಳು.

ಐದೂ ಇಪ್ಪತ್ತಕ್ಕೆ ಗಾಡಿ ಬೀದಿಯ ತುದಿಯಲ್ಲಿ ಕಾಣಿಸಿತು. ಬಂದು ನಿಂತಿತು. ಹಿಂದಿನ ಸೀಟಿಗೆ ಪೂರ್ತಿ ಪ್ಲಾಸ್ಟಿಕ್ ಹಾಸಿತ್ತು. ಕೆಳಗೆ ಒಂದು ಪುಟ್ಟ ಬಕೆಟ್ಟು, ನೀರಿನ ಕ್ಯಾನು, ಮಡಚಿದ ಹಳೇ ಟವೆಲ್ಲು ನಾಲ್ಕು. ಸರ್ ಇಳಿದು ಹಿಂದಿನ ಬಾಗಿಲು ತೆಗೆದರು.

ಚಿಕ್ಕವಳು ಬಕೆಟ್ ನೋಡಿದಳು. "ಮತ್ತೆ ವಾಂತಿ ಆದ್ರೆ?"

"ತೊಳೀತೀನಿ."

"ಆಮೇಲೆ?"

"ಆಮೇಲೆ ಸ್ವಲ್ಪ ಹೊತ್ತು ಗಾಡಿ ನಿಲ್ಸಿ, ಗಾಳಿಗೆ ನಿಂತ್ಕೊಂಡು, ಮತ್ತೆ ಹೋಗೋಣ."

"ಆಮೇಲೆ?"

ಸರ್ ಅವಸರ ಮಾಡಲಿಲ್ಲ. ಮೇಡಂ ಕೂಡ ತುಟಿ ಬಿಚ್ಚಲಿಲ್ಲ.

"ಆಮೇಲೆ ಮುಂದಿನ ಶನಿವಾರ ಬರ್ತೀನಿ. ಅವತ್ತೂ ಆದ್ರೆ ಅವತ್ತೂ ತೊಳೀತೀನಿ."

ಚಿಕ್ಕವಳು ಇದನ್ನು ಸ್ವಲ್ಪ ಹೊತ್ತು ತೂಗಿ ನೋಡಿದಳು. ಆಮೇಲೆ ಮೇಡಂ ಕೈಯಿಂದ ಚೀಲ ಇಸಿದುಕೊಂಡು, ಪ್ಲಾಸ್ಟಿಕ್ ಚರಚರ ಅನ್ನಿಸುತ್ತ ಕಿಟಕಿ ಪಕ್ಕಕ್ಕೆ ಹತ್ತಿ ಕೂತಳು. "ಅಪ್ಪ, ದಾರೀಲಿ ಎಷ್ಟು ಸಲ ಇಂಜಿನ್ ಆಫ್ ಆಯ್ತು?" ಅನ್ನುವುದು ಬಾಗಿಲು ಹಾಕುವಾಗ ನಮಗೆ ಕೇಳಿಸಿತು.

ಗಾಡಿ ಹೊರಟಿತು, ಹಾಲಿನವನೂ ನಾಚುವ ನಿಧಾನದಲ್ಲಿ. ಮೇಡಂ ಬಾಗಿಲಲ್ಲೇ ನಿಂತು ಬೀದಿಯ ತಿರುವಿನವರೆಗೆ ನೋಡಿದರು. ಒಳಗೆ ಮುಂದಿನ ಬ್ಯಾಚಿನವರು ಕಾಯುತ್ತಿದ್ದರು.

"ಇಂಡಿಕೇಟರ್ ಹಾಕಿದ್ರು," ಅಂದರು ಮೇಡಂ, ಯಾರಿಗೂ ಅಲ್ಲ, ಮತ್ತು ಗೂಡಿನಿಂದ ಕೀ ತೆಗೆದುಕೊಂಡರು.